ಮಂಡ್ಯದಲ್ಲಿ ಸಂಧಾನಕಾರರಾಗಲು

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕರಾಗಿ (ಜನರಿಗೆ ಕಾನೂನು ನೆರವು ತಲುಪಿಸುವವರು) ಶುರುಮಾಡಿ. ಸಿಗುವುದು ಗೌರವಧನ, ಸಂಬಳವಲ್ಲ. ಹೊಟ್ಟೆಪಾಡಿಗೆ ಬೇರೆ ದಾರಿ ಇರಲಿ. ನಂತರ 40 ಗಂಟೆಗಳ ಮಧ್ಯಸ್ಥಿಕೆ ತರಬೇತಿ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿ ಇಬ್ಬರು ರೈತರು ತೂಬಿನ ನೀರಿಗೆ ಜಗಳವಾಡಿದರೆ, ತಕ್ಷಣ ಒಟ್ಟಿಗೆ ಕೂರಿಸಬೇಡಿ. ಒಬ್ಬೊಬ್ಬರನ್ನೇ ಕೇಳಿ: ಏನಾಯಿತು, ಯಾರಿಗೆ ನಷ್ಟ, ಏನು ಮಾಡಿದರೆ ಸರಿಹೋದೀತು? ಇಬ್ಬರೂ ಒಪ್ಪಿದ ಮೇಲಷ್ಟೇ ಜಂಟಿ ಮಾತುಕತೆ. ಸಾಮಾನ್ಯವಾಗಿ ಕೆಡುವುದು ಇಲ್ಲೇ: ಸಂಧಾನಕಾರ ಊರ ಯಜಮಾನನ ಗತ್ತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾನೆ. ಸೋತವನು ಎದುರಿಗೆ ತಲೆಯಾಡಿಸಿ, ರಾತ್ರಿ ತೂಬು ಒಡೆಯುತ್ತಾನೆ.

‘ನೀರು ಹಂಚಿಕೊಳ್ಳುತ್ತೇವೆ’ ಎಂದಷ್ಟೇ ಬರೆಸಿದರೆ ಸಾಲದು. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ತೂಬಿನ ಬಾಗಿಲು ಮುಚ್ಚುವವರು ಯಾರು, ಎಲ್ಲ ಬರೆಸಿ. 15 ದಿನಕ್ಕೆ ಹೋಗಿ ನೋಡಿ. ಜಾತಿ ದೌರ್ಜನ್ಯದ ಪ್ರಕರಣವನ್ನು ಮಾತ್ರ ರಾಜಿಗೆ ಎಳೆಯಬೇಡಿ, ಅದು ಠಾಣೆಗೇ ಹೋಗಲಿ.