ಟ್ಯೂಬಿಗೆ ಅಂಟಿದ ಪ್ರೋಟೀನು

ನಾನು ರೋಗಿಗಳನ್ನು ನೋಡುವವಳಲ್ಲ, ಅವರ ರಕ್ತವನ್ನೂ ಬೆನ್ನುಹುರಿಯ ದ್ರವವನ್ನೂ ನೋಡುವವಳು. ಮರೆವಿನ ತೊಂದರೆ ಅಂತ ಬಂದವರ ಸ್ಯಾಂಪಲ್ಲು ನಮ್ಮ ಲ್ಯಾಬಿಗೆ ಬರುತ್ತದೆ. ನಾವು ಕೊಟ್ಟ ಅಂಕಿಯನ್ನೂ ಮುಂದೆ ಇಟ್ಟುಕೊಂಡು ಡಾಕ್ಟರು ಆಲ್ಝೈಮರ್ ಹೌದೋ ಅಲ್ಲವೋ ತೂಗುತ್ತಾರೆ.

ಕೆಲಸ ಶುರುಮಾಡಿದ ಹೊಸತು. ಒಂದು ವಾರ ಬಂದ ದ್ರವದ ಸ್ಯಾಂಪಲ್ಲುಗಳಲ್ಲೆಲ್ಲ ಅಮಿಲಾಯ್ಡ್ ಬೀಟಾ 42 ಕಡಿಮೆ ಬಂತು. ಈ ಪ್ರೋಟೀನು ಮಿದುಳಿನಲ್ಲಿ ಮುದ್ದೆಗಟ್ಟಿ ಪ್ಲಾಕ್ ಆಗಿ ಕೂತಷ್ಟೂ ದ್ರವಕ್ಕೆ ಹರಿದು ಬರುವ ಪಾಲು ಇಳಿಯುತ್ತದೆ. ಅಂದರೆ ಇಲ್ಲಿ ಕಡಿಮೆಯೇ ಕೆಟ್ಟ ಸುದ್ದಿ. ಆದರೆ ಒಂದೇ ವಾರದಲ್ಲಿ ಎಲ್ಲರಿಗೂ? ಯಂತ್ರದ ಮೇಲೆ ಸಿಟ್ಟು ಬಂತು. ಎರಡು ಸಲ ಕ್ಯಾಲಿಬ್ರೇಟ್ ಮಾಡಿದೆ, ಕಂಟ್ರೋಲ್, ಅಂದರೆ ಅಂಕಿ ಮೊದಲೇ ಗೊತ್ತಿರುವ ಸ್ಯಾಂಪಲ್ಲು, ಸರಿಯಾಗಿಯೇ ಇತ್ತು. ಕೊನೆಗೆ ನೋಡಿದರೆ ತಪ್ಪು ನನ್ನದೇ. ಪಾಲಿಪ್ರೊಪಿಲೀನ್ ಟ್ಯೂಬು ಮುಗಿದಿತ್ತು ಅಂತ ಕೈಗೆ ಸಿಕ್ಕ ಪಾಲಿಸ್ಟೈರೀನ್ ಟ್ಯೂಬು ಕೊಟ್ಟು ಕಳಿಸಿದ್ದೆ. ಬೀಟಾ 42 ಬಲು ಜಿಗುಟು, ಆ ಟ್ಯೂಬಿನ ಗೋಡೆಗೇ ಅಂಟಿಕೊಂಡು ಉಳಿದಿತ್ತು. ಅಷ್ಟರಲ್ಲಿ ಎರಡು ರಿಪೋರ್ಟು ಹೊರಗೆ ಹೋಗಿಯಾಗಿತ್ತು. ಫೋನು ಮಾಡಿ ವಾಪಸು ತೆಗೆಸಿದೆ. ಒಬ್ಬರ ಸೊಂಟಕ್ಕೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಯಿತು. ಅದನ್ನು ನೆನೆದರೆ ಇವತ್ತಿಗೂ ಮುಜುಗರ.

ಅಲ್ಲಿಂದ ಟ್ಯೂಬಿನ ಪೆಟ್ಟಿಗೆಯ ಕೀಲಿ ನನ್ನ ಹತ್ತಿರವೇ. ದ್ರವ ನೇರವಾಗಿ ಅದೇ ಟ್ಯೂಬಿಗೆ ಬೀಳಬೇಕು, ಒಂದರಿಂದ ಇನ್ನೊಂದಕ್ಕೆ ಸುರಿಯುವಂತಿಲ್ಲ. ದೊಡ್ಡ ಟ್ಯೂಬಿನ ತಳದಲ್ಲಿ ಚೂರೇ ಚೂರು ಬಿಡುವಂತೆಯೂ ಇಲ್ಲ, ಯಾಕೆಂದರೆ ದ್ರವ ಕಡಿಮೆಯಾದಷ್ಟೂ ಅಂಟುವ ಪಾಲು ಹೆಚ್ಚು. 42ನ್ನು ಒಂಟಿಯಾಗಿ ನಂಬುವುದನ್ನೂ ಬಿಟ್ಟೆ. ಅದರದೇ ತುಸು ಗಿಡ್ಡ ರೂಪವಾದ ಬೀಟಾ 40ನ್ನೂ ಜೊತೆಗೆ ಅಳೆದು 42/40 ಅನುಪಾತ ಕೊಡುತ್ತೇನೆ. 40 ಕೂಡ ಗೋಡೆಗೆ ಅಂಟುವುದರಿಂದ ಆ ನಷ್ಟ ಬಹುಪಾಲು ವಜಾ ಆಗುತ್ತದೆ. ಹುಟ್ಟಿನಿಂದಲೇ ಅಮಿಲಾಯ್ಡ್ ಹೆಚ್ಚೋ ಕಡಿಮೆಯೋ ತಯಾರಾಗುವವರ ವಿಷಯದಲ್ಲೂ ಇದೇ ಅನುಪಾತ ಕಾಪಾಡುತ್ತದೆ.

ರಕ್ತದಲ್ಲೇ ಪಿ-ಟೌ 217 ಎಂಬ ಇನ್ನೊಂದು ಪ್ರೋಟೀನು ಅಳೆಯುವ ಪರೀಕ್ಷೆ (ಇಲ್ಲಿ ಹೆಚ್ಚಿದ್ದರೆ ಕೆಟ್ಟ ಸುದ್ದಿ) ಬಂದಾಗ, ಸದ್ಯ ಸೊಂಟಕ್ಕೆ ಸೂಜಿ ತಪ್ಪಿತಲ್ಲ ಎಂದು ಹಗುರಾದೆ. ಅದೂ ಪೂರ್ತಿ ನಿಜವಲ್ಲ. ಅಂಕಿ ಜೋರಾಗಿದ್ದ ಒಬ್ಬ ಅಜ್ಜಿಯ ಮಿದುಳಿನ ಅಮಿಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್ ಸ್ವಚ್ಛವಾಗಿ ಬಂತು. ಹಳೆಯ ರಿಪೋರ್ಟು ತಿರುವಿದರೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿತ್ತು. ಮೂತ್ರಪಿಂಡ ಸೋತಾಗ ಈ ಪ್ರೋಟೀನು ರಕ್ತದಲ್ಲೇ ಉಳಿದುಕೊಳ್ಳುತ್ತದೆ. ಈಗ ಕ್ರಿಯಾಟಿನಿನ್ ಬರೆಯದೆ ಬಂದ ಫಾರಮ್ಮನ್ನು ನಾನು ವಾಪಸು ಕಳಿಸುತ್ತೇನೆ. ಮೈತೂಕ ಬಹಳ ಇದ್ದವರಲ್ಲಿ ಇದಕ್ಕೆ ತದ್ವಿರುದ್ಧ, ಅಂಕಿ ಸ್ವಲ್ಪ ತಗ್ಗಿ ಕಾಣಬಹುದು.

2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಸಲ ಇಂಥ ರಕ್ತಪರೀಕ್ಷೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಪಿ-ಟೌ 217 ಮತ್ತು ಬೀಟಾ 42ರ ಅನುಪಾತ ಅದು. ಅದೂ 55 ವರ್ಷ ತುಂಬಿದ, ಲಕ್ಷಣ ಕಾಣಿಸಿಕೊಂಡವರಿಗೆ ಮಾತ್ರ. ಹೌದು, ಅಲ್ಲ ಎಂಬ ಎರಡು ಗೆರೆಗಳ ನಡುವೆ ಅನುಮಾನದ ಪಟ್ಟಿಯೊಂದು ಅದರಲ್ಲೂ ಇದೆ. ಆ ಪಟ್ಟಿಯಲ್ಲಿ ಬಿದ್ದ ರಿಪೋರ್ಟಿಗೆ ನಾನು 'ತೀರ್ಮಾನವಿಲ್ಲ' ಅಂತಲೇ ಬರೆಯುತ್ತೇನೆ. 'ಏನಾದರೂ ಒಂದು ಹೇಳಿ ಮೇಡಂ' ಎಂದು ಫೋನು ಬರುತ್ತದೆ. ಹೇಳುವುದಿಲ್ಲ. ಮರೆವೇ ಇಲ್ಲದ ನೆಂಟರು ಸುಮ್ಮನೆ ಕುತೂಹಲಕ್ಕೆ ಕೈ ಚಾಚಿದರೂ ರಕ್ತ ತೆಗೆಯುವುದಿಲ್ಲ. ಅಮಿಲಾಯ್ಡ್ ಲಕ್ಷಣಕ್ಕಿಂತ 15-20 ವರ್ಷ ಮೊದಲೇ ಸೇರತೊಡಗುವುದು ನಿಜ, ಆದರೆ ಅದು ಸೇರಿದವರಿಗೆಲ್ಲ ಮರೆವು ಬಂದೇ ಬರುತ್ತದೆ ಎನ್ನಲಾಗದು.

ವರ್ಷದಿಂದ ವರ್ಷಕ್ಕೆ ಒಬ್ಬರನ್ನೇ ಹಿಂಬಾಲಿಸುವುದು ಇನ್ನೂ ನಾಜೂಕಿನ ಕೆಲಸ. ಹೋದ ವರ್ಷದ ಅಂಕಿಯ ಪಕ್ಕ ಈ ವರ್ಷದ್ದನ್ನು ಇಟ್ಟರೆ ಏರಿದ್ದು ರೋಗವೋ, ಬದಲಾದ ಕಿಟ್ಟಿನ ಬ್ಯಾಚೋ ಗೊತ್ತಾಗುವುದಿಲ್ಲ. ಅದಕ್ಕೆ ಹಳೆಯ ಪ್ಲಾಸ್ಮಾವನ್ನೂ (ರಕ್ತಕಣ ಬೇರ್ಪಡಿಸಿದ ರಕ್ತದ ದ್ರವ) ಹೊಸದನ್ನೂ ಒಂದೇ ಪ್ಲೇಟಿನಲ್ಲಿ, ಒಂದೇ ದಿನ ಓಡಿಸುತ್ತೇನೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಬೀಟಾ ಇಳಿಯುತ್ತದೆ. ಹಾಗಾಗಿ ಮೊದಲ ದಿನವೇ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿ ಎತ್ತಿಡುವುದು ರೂಢಿ. ಫ್ರೀಜರಿನ ಎರಡು ತಟ್ಟೆ ಪೂರ್ತಿ ನನ್ನವೇ ಆಗಿವೆ, ಜೊತೆಯವರು ಗೊಣಗುತ್ತಲೇ ಇರುತ್ತಾರೆ.