ಭರತನಾಟ್ಯದ ವರ್ಣಕ್ಕೆ ಬೆಳಕು ಹೊಂದಿಸಿದ ಬಗೆ

ನಾಟಕಗಳಿಗೆ ಬೆಳಕು ವಿನ್ಯಾಸ ಮಾಡುತ್ತಿದ್ದ ನಾನು ಮೊದಲು ಒಪ್ಪಿಕೊಂಡ ನೃತ್ಯ ಕಾರ್ಯಕ್ರಮವೆಂದರೆ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಒಂದು ಭರತನಾಟ್ಯ. ಮುಖ ಸ್ಪಷ್ಟವಾಗಿ ಕಂಡರೆ ಸಾಕೆಂಬ ರೂಢಿಯಲ್ಲಿ ಎದುರಿನ ದೀಪಗಳನ್ನೇ ನೆಚ್ಚಿಕೊಂಡಿದ್ದೆ. ಕಲಾವಿದೆ ಅರಮಂಡಿಯಲ್ಲಿ, ಅಂದರೆ ಮಂಡಿ ಬಗ್ಗಿಸಿದ ಅರೆಕುಳಿತ ಭಂಗಿಯಲ್ಲಿ, ಅಡವುಗಳೆಂಬ ಮೂಲ ಹೆಜ್ಜೆಗಳನ್ನು ಆರಂಭಿಸಿದಾಗ ಮಂಡಿಯ ಬಾಗು, ತೋಳಿನ ಚಾಚು, ಸೊಂಟದ ತಿರುವು ಯಾವುದಕ್ಕೂ ಮೈ ಇರಲಿಲ್ಲ. ಗೋಡೆಗೆ ಅಂಟಿಸಿದ ಚಿತ್ರದಂತೆ ಎಲ್ಲವೂ ಚಪ್ಪಟೆಯಾಗಿದ್ದವು.

ಅಂದಿನಿಂದ ನಾನು ಮೊದಲು ಇಡಿಸುವುದು ಪಕ್ಕದ ದೀಪಗಳನ್ನು. ವೇದಿಕೆಯ ಪಕ್ಕದ ಮರೆಯಾದ ಪ್ರತಿ ವಿಂಗ್‌ನಲ್ಲೂ ಒಂದು ಸ್ಟ್ಯಾಂಡ್ ನಿಲ್ಲಿಸಿ ಮೊಣಕಾಲು, ಸೊಂಟ, ತಲೆ ಈ ಮೂರು ಎತ್ತರಗಳಲ್ಲಿ ಬೆಳಕಿನ ಅಂಚನ್ನು ಚೂಪಾಗಿ ಕತ್ತರಿಸಬಲ್ಲ ಪ್ರೊಫೈಲ್ ಸ್ಪಾಟ್ ದೀಪ ಕಟ್ಟಿಸುತ್ತೇನೆ. ಕೆಳಗಿನ ದೀಪದ ಬೆಳಕನ್ನು ಅದರ ಶಟರಿನಿಂದ ನೆಲಕ್ಕೆ ತಾಗದಂತೆ ಕತ್ತರಿಸಿದರೆ ಪಾದದ ತಟ್ಟು ಎದ್ದು ಕಾಣುತ್ತದೆ. ತಾಳ ಹಿಡಿದು ನೃತ್ಯ ನಡೆಸುವ ನಟುವಾಂಗದವರು ಮತ್ತು ವಾದ್ಯದವರು ಕುಳಿತಿರುವ ಬದಿಯಲ್ಲಿ ಮಾತ್ರ ಇದು ಸಾಧ್ಯವಿಲ್ಲ. ಅಲ್ಲಿ ಅವರ ತಲೆಯ ಮೇಲಿಂದ ಬೆಳಕು ಹಾಯಿಸಬೇಕು.

ಬಣ್ಣದ ಪಾಠ ಒಂದು ಕೆಂಪು ರೇಷ್ಮೆಯಿಂದ ಬಂತು. ರಾತ್ರಿಯ ಸನ್ನಿವೇಶವೆಂದು ಗಾಢ ನೀಲಿ ಜೆಲಟಿನ್ ಹಾಳೆ ಹಾಕಿದ್ದೆ. ಸೀರೆ ಮಸಿಯಂತಾಯಿತು, ಬೆರಳ ತುದಿಗೆ ಹಚ್ಚಿದ ಕೆಂಪೂ ಕಪ್ಪಾಗಿ, ಕತ್ತಲಿನ ಹಿನ್ನೆಲೆಯಲ್ಲಿ ಹಸ್ತಮುದ್ರೆಗಳ ತುದಿಯೇ ಕಾಣದಾಯಿತು. ಕೆಂಪು ಬಟ್ಟೆ ಹಿಂದಿರುಗಿಸುವುದು ಮುಖ್ಯವಾಗಿ ಕೆಂಪು ಬೆಳಕನ್ನೇ. ಬೀಳುವ ಬೆಳಕಿನಲ್ಲಿ ಅದೇ ಇಲ್ಲದಿದ್ದರೆ ಕಣ್ಣಿಗೆ ತಲುಪುವುದೇನು? ಈಗ ನೀಲಿಯನ್ನು ಹಿಂದಿನ ಪರದೆಗೆ ಮೀಸಲಿಟ್ಟು, ಮೈಮೇಲೆ ತೆಳು ಅಂಬರ್ ಅಥವಾ ಲ್ಯಾವೆಂಡರ್ ಬಳಸುತ್ತೇನೆ. ಉಡುವ ಸೀರೆಯ ಸೆರಗನ್ನು ಮೊದಲೇ ತರಿಸಿಕೊಂಡು ದೀಪದಡಿ ಹಿಡಿದು ನೋಡದೆ ಯಾವ ಹಾಳೆಯನ್ನೂ ನಿಗದಿ ಮಾಡುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದದ್ದು ಭರತನಾಟ್ಯದ ದೊಡ್ಡ ರಚನೆಯಾದ ವರ್ಣ. ಅರ್ಧ ಗಂಟೆಗೂ ಮೀರಬಹುದಾದ ಈ ಒಂದೇ ರಚನೆಯಲ್ಲಿ ಜತಿಗಳೆಂಬ ತಾಳದ ಸೊಲ್ಲುಗಳಿಗೆ ಮಾಡುವ ಶುದ್ಧ ಕುಣಿತವಾದ ನೃತ್ತವೂ ಹಾಡಿನ ಸಾಹಿತ್ಯದ ಅಭಿನಯವೂ ಒಂದರ ಹಿಂದೊಂದು ಬರುತ್ತವೆ. ಜತಿಗೆ ಪಕ್ಕದ ಬೆಳಕನ್ನು ಏರಿಸಿ ಎದುರಿನದನ್ನು ಅರ್ಧಕ್ಕಿಂತ ಕೆಳಗಿಡುತ್ತೇನೆ. ಸಾಹಿತ್ಯ ಬಂದಾಗ ಸುಮಾರು 45 ಡಿಗ್ರಿ ಮೇಲಿಂದ ಬೀಳುವ ಫ್ರೆನೆಲ್ ದೀಪಗಳ ಮೃದು ಬೆಳಕು ಮುಖಕ್ಕೆ ಬೇಕು, ಏಕೆಂದರೆ ಆಗ ಪ್ರೇಕ್ಷಕರು ಓದುವುದು ಕಣ್ಣನ್ನು. ಬೆಳಕಿನ ಬದಲಾವಣೆ, ಜತಿಯ ಕೊನೆಗೆ ಮೂರು ಬಾರಿ ಬರುವ ತೀರ್ಮಾನದ ಮೂರನೆಯ ಸುತ್ತಿನಲ್ಲಿ ಆರಂಭವಾಗಿ, ಆದಿತಾಳದ ಒಂದು ಆವರ್ತನದ, ಅಂದರೆ ಒಂದು ಪೂರ್ತಿ ಸುತ್ತಿನ, 8 ಅಕ್ಷರಗಳ ಎಣಿಕೆಯಲ್ಲಿ ಮುಗಿಯಬೇಕು. ಇಂಥ ನಿಧಾನದ ಇಳಿತಕ್ಕೆ ನಾನು ಇಂದಿಗೂ ಹ್ಯಾಲೊಜೆನ್ ದೀಪಗಳನ್ನೇ ಕೇಳುತ್ತೇನೆ. ಅಗ್ಗದ ಎಲ್‌ಇಡಿ ದೀಪಗಳು ಕೊನೆಯ ಹಂತದಲ್ಲಿ ತಟ್ಟನೆ ಆರಿಬಿಡುತ್ತವೆ.

ಒಂದೇ ಸಾಲನ್ನು ಅಭಿನಯದಲ್ಲಿ ಬೆಳೆಸುವ ಸಂಚಾರಿಯ ಅಳತೆಯನ್ನು ಗಡಿಯಾರದಲ್ಲಿ ಬರೆದಿಡಲಾಗದು. ಕಳೆದ ಕಾರ್ಯಕ್ರಮದಲ್ಲಿ ಅದು ಅಭ್ಯಾಸದಲ್ಲಿದ್ದುದಕ್ಕಿಂತ ಎರಡು ಆವರ್ತನ ಹೆಚ್ಚು ಬೆಳೆಯಿತು. ಬೆಳಕನ್ನು ಏರಿಳಿಸುವ ಫೇಡರ್ ಮೇಲೆ ಬೆರಳಿಟ್ಟು, ಗಾಯಕಿ ಪಲ್ಲವಿಯ ಸಾಲಿಗೆ ಹಿಂದಿರುಗಿ, ನಟುವಾಂಗದ ತಾಳ ಮತ್ತೆ ಬಿಗಿಯಾಗುವವರೆಗೂ ಕಾದಿದ್ದೆ.