ಥ್ರಾಟಲ್ ಸೆನ್ಸರ್ ಕೊಳ್ಳುವ ಮೊದಲು ಮೀಟರ್ ಹಿಡಿಯಿರಿ

ಸಂಪಾಜೆ ಘಾಟಿ ಹತ್ತುವಾಗ ಆಕ್ಸಿಲರೇಟರ್ ಹಗುರವಾಗಿ ಒತ್ತಿದರೆ ಗಾಡಿ ಮುಗ್ಗರಿಸುತ್ತದೆ, ಜೋರಾಗಿ ತುಳಿದರೆ ಸರಾಗ ಓಡುತ್ತದೆ. ಹೀಗಾದಾಗ ಥ್ರಾಟಲ್ ಪೊಸಿಷನ್ ಸೆನ್ಸರ್ (ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಕವಾಟ ಎಷ್ಟು ತೆರೆದಿದೆ ಎಂದು ಎಂಜಿನ್ ಕಂಪ್ಯೂಟರಿಗೆ ವೋಲ್ಟೇಜಿನಲ್ಲಿ ತಿಳಿಸುವ ಭಾಗ) ಮೇಲೆ ಅನುಮಾನ ಸಹಜ. ಆದರೆ ದೋಷ ಓದುವ ಸ್ಕ್ಯಾನರ್ ಪಿ0122 ಕೋಡ್ ತೋರಿಸಿತೆಂದು ಅಂಗಡಿಗೆ ಓಡಬೇಡಿ. ಸಿಗ್ನಲ್ ವೋಲ್ಟೇಜ್ ಕಡಿಮೆ ಎಂದಷ್ಟೇ ಅದರ ಅರ್ಥ. ಪಿ0123 ಎಂದರೆ ಹೆಚ್ಚು. ಕೊಡಗಿನ ಮಳೆಗಾಲ ದಾಟಿದ ಗಾಡಿಯಲ್ಲಿ ಕನೆಕ್ಟರ್ ಪಿನ್ನಿಗೆ ಹಿಡಿದ ಹಸಿರು ಕಿಲುಬೋ, ಶೆಡ್ಡಿನ ಇಲಿ ಕಡಿದ ವೈರೋ ಕಾರಣವಾಗಿರಬಹುದು.

ಮುಂದೆ ಹೇಳುವ ಕ್ರಮ ಕೇಬಲ್ ಥ್ರಾಟಲ್ (ಪೆಡಲ್ ಕೇಬಲ್ ಎಳೆದು ತೆರೆಯುವಂಥದ್ದು) ಇರುವ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಜಿಪ್ಸಿಯಂಥ ಗಾಡಿಗಳಿಗೆ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಸೆನ್ಸರ್ ಒಳಗೇ ಇರುತ್ತದೆ. ಸಾಮಾನ್ಯವಾಗಿ ಇಡೀ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕು.

ಸೆನ್ಸರಿನ ಕನೆಕ್ಟರ್ ಬಿಚ್ಚಿ, ಎಂಜಿನ್ ಶುರು ಮಾಡದೆ ಕೀ ಮಾತ್ರ ಆನ್ ಮಾಡಿ, ಮೀಟರಿನಿಂದ ಅಳೆಯಿರಿ. ಮೂರು ವೈರುಗಳಲ್ಲಿ ಒಂದಕ್ಕೆ 5 ವೋಲ್ಟ್ ಬರಬೇಕು, ಇನ್ನೊಂದು ಅರ್ತ್. ಇವೆರಡು ಸರಿಯಿಲ್ಲದಿದ್ದರೆ ತಪ್ಪು ಸೆನ್ಸರಿನದಲ್ಲ. ಸರಿಯಿದ್ದರೆ ಕನೆಕ್ಟರ್ ಮತ್ತೆ ಹಾಕಿ, ಮೂರನೆಯ ಸಿಗ್ನಲ್ ವೈರಿನ ಪಕ್ಕದಲ್ಲಿ ಹಿಂಬದಿಯಿಂದ ತೆಳು ಪಿನ್ ತೂರಿಸಿ ಅಳೆಯಿರಿ. ವೈರಿನ ಸಿಪ್ಪೆ ಚುಚ್ಚುವ ಅಭ್ಯಾಸ ಬೇಡ, ಆ ತೂತಿನಿಂದಲೇ ಮುಂದಿನ ಜುಲೈಯಲ್ಲಿ ನೀರು ಇಳಿಯುತ್ತದೆ. ಥ್ರಾಟಲ್ ಮುಚ್ಚಿದಾಗ ಹೆಚ್ಚಿನ ಗಾಡಿಗಳಲ್ಲಿ 0.5ರಿಂದ 0.9 ವೋಲ್ಟ್, ಪೂರ್ತಿ ತೆರೆದಾಗ 4ರಿಂದ 4.5 ಇರುತ್ತದೆ. ಈ ಎರಡು ತುದಿ ನೋಡಿ ಸುಮ್ಮನಾಗುವುದೇ ಎಲ್ಲರೂ ಎಡವುವ ಜಾಗ. ಸೆನ್ಸರ್ ಒಳಗಿನ ಪಟ್ಟಿ ಸವೆಯುವುದು ಕಾಲು ಹೆಚ್ಚು ಹೊತ್ತು ನಿಲ್ಲುವ ಕಡೆ, ಥ್ರಾಟಲ್ ತೆರೆಯುವ ಮೊದಲ ಕಾಲುಭಾಗದಲ್ಲಿ. ಹತ್ತು ಸೆಕೆಂಡು ಹಿಡಿಯುವಷ್ಟು ನಿಧಾನವಾಗಿ ಥ್ರಾಟಲ್ ತಿರುಗಿಸಿ. ಮುಳ್ಳಿನ ಹಳೆಯ ಮೀಟರೇ ಇದಕ್ಕೆ ಲೇಸು. ಡಿಜಿಟಲ್‌ನಲ್ಲಿ ಕ್ಷಣದ ಕುಸಿತ ಕಣ್ಣಿಗೆ ಬೀಳುವುದಿಲ್ಲ. ಮುಳ್ಳು ಎಲ್ಲಾದರೂ ದಡಕ್ಕನೆ ಬಿದ್ದೆದ್ದರೆ ಸೆನ್ಸರ್ ಮುಗಿಯಿತು.

ಬದಲಿಸಲು ಬ್ಯಾಟರಿಯ ನೆಗೆಟಿವ್ ತೆಗೆದು ಸೆನ್ಸರಿನ ಎರಡು ಸ್ಕ್ರೂ ಬಿಚ್ಚಿ. ಗಟ್ಟಿ ಹಿಡಿದಿದ್ದರೆ ತಲೆಗೆ ಸರಿಹೊಂದುವ ಬಿಟ್ ಇಟ್ಟು ಹಿಂದಿನಿಂದ ಒಂದೆರಡು ಪೆಟ್ಟು ಕೊಡಿ; ಸವೆದ ಸ್ಕ್ರೂಡ್ರೈವರ್ ಹಾಕಿದರೆ ತಲೆಯೇ ಹೋಗುತ್ತದೆ. ಕಾರ್ಬ್ ಕ್ಲೀನರನ್ನು (ಕಾರ್ಬುರೇಟರ್ ತೊಳೆಯುವ ಸ್ಪ್ರೇ) ಸೆನ್ಸರ್ ಒಳಗೆ ಹೊಡೆಯಬೇಡಿ.

ಹೊಸದನ್ನು ಕೂರಿಸುವಾಗ ಥ್ರಾಟಲ್ ಶಾಫ್ಟಿನ ಚಪ್ಪಟೆ ತುದಿ ಸೆನ್ಸರಿನ ನಾಲಿಗೆಗೆ ಸೇರಬೇಕು. ಸಾಮಾನ್ಯವಾಗಿ ಆಗ ಸ್ಕ್ರೂ ತೂತುಗಳು ಸ್ವಲ್ಪ ಓರೆಯಾಗಿರುತ್ತವೆ, ಸ್ಪ್ರಿಂಗ್ ಎದುರು ತಿರುಗಿಸಿದಾಗ ಕೂಡುತ್ತವೆ. ಸ್ಪ್ರಿಂಗಿನ ಎಳೆತವೇ ಸಿಗದೆ ಕೂಡಿತೆಂದರೆ ನಾಲಿಗೆ ತಪ್ಪು ಬದಿಯಲ್ಲಿದೆ. ಸ್ಕ್ರೂ ಬಿಗಿದು ಒಳಗೆಳೆಯಲು ಹೋದರೆ ಪ್ಲಾಸ್ಟಿಕ್ ಒಡೆಯುತ್ತದೆ, ಇಲ್ಲವೇ ಥ್ರಾಟಲ್ ತೆರೆದೇ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ತೆರೆದು ಬಿಡಿ, ಟಪ್ಪನೆ ಮುಚ್ಚಬೇಕು. ಆಮೇಲೆಯೇ ಬಿಗಿಯಿರಿ.

ಬ್ಯಾಟರಿ ಮತ್ತೆ ಜೋಡಿಸಿ. ಸೆನ್ಸರಿನ ಸ್ಕ್ರೂ ತೂತುಗಳು ಉದ್ದವಾಗಿದ್ದರೆ ಪೂರ್ತಿ ಬಿಗಿಯುವ ಮುನ್ನ ಸೆನ್ಸರ್ ತಿರುಗಿಸಿ ಮ್ಯಾನುಯಲ್ ಹೇಳಿದ ವೋಲ್ಟೇಜಿಗೆ ಹೊಂದಿಸಿ. ಥ್ರಾಟಲ್ ಮುಚ್ಚಿ ನಿಲ್ಲುವ ಜಾಗ ಹೊಂದಿಸುವ, ಬಣ್ಣ ಮೆತ್ತಿದ ಥ್ರಾಟಲ್ ಸ್ಟಾಪ್ ಸ್ಕ್ರೂ ಮುಟ್ಟಲೇಬೇಡಿ. ಕನೆಕ್ಟರಿನ ರಬ್ಬರ್ ಸೀಲಿಗೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಸದ) ಗ್ರೀಸ್ ಸವರಿ, ಕೋಡ್ ಅಳಿಸಿ, ಮೂರನೇ ಗೇರಿನಲ್ಲಿ ಹಗುರ ಕಾಲಿಟ್ಟು ಒಂದು ಏರು ಹತ್ತಿಸಿ ನೋಡಿ.